ಅಯಸ್ಕಾಂತ ಸ್ಮೃತಿಯ ಪೇಟೆಂಟು: ಎರಡು ಬೆಲೆಗಳ ವಿಚಾರ

ಪೇಟೆಂಟಿನಲ್ಲಿ ಬಂಡವಾಳ ತೊಡಗಿಸುವವನಿಗೆ ದೊರೆಯುವುದು ಕಾಲಮಿತಿಯುಳ್ಳ ಒಂದು ಹಕ್ಕು ಮಾತ್ರ. ಅದರ ಬೆಲೆ ನಿರ್ಧಾರವಾಗುವ ಬಗೆಯನ್ನು ಗಣಕಯಂತ್ರಗಳ ಅಯಸ್ಕಾಂತ ಸ್ಮೃತಿಯ ಇತಿಹಾಸದಿಂದ ನಾವು ಇಲ್ಲಿ ವಿಚಾರಿಸಬಯಸುತ್ತೇವೆ.

ಅಯಸ್ಕಾಂತಗುಣವುಳ್ಳ ಸಣ್ಣ ಬಳೆಯೊಂದು, ಅದರ ಅಯಸ್ಕಾಂತತ್ವದ ದಿಕ್ಕಿಗನುಸಾರವಾಗಿ, ಒಂದು ಅಥವಾ ಸೊನ್ನೆಯನ್ನು ಹಿಡಿದಿಡುತ್ತದೆ. ವಿದ್ಯುತ್ತು ನಿಂತರೂ ಅದು ಅಳಿಯದು. ಓದಿದೊಡನೆ ಮಾತ್ರ ಅಳಿಯುತ್ತದೆ. ಓದಿದುದನ್ನು ಕೂಡಲೇ ಮರಳಿ ಬರೆಯುವ ಉಪಾಯವನ್ನು ಅಮೆರಿಕದ ಹಾರ್ವರ್ಡಿನಲ್ಲಿದ್ದ ಆನ್ ವಾಂಗ್ ಕಂಡುಹಿಡಿದು 1949ರಲ್ಲಿ ಅರ್ಜಿ ಸಲ್ಲಿಸಿದರು. ಪೇಟೆಂಟು ಕೈಸೇರಿದ್ದು 1955ರಲ್ಲಿ. ಬಳೆಗಳನ್ನು ತಂತಿಗಳ ಜಾಲದಲ್ಲಿ ಪೋಣಿಸಿ ಬೇಕಾದ ಒಂದನ್ನೇ ಆರಿಸುವ ಕ್ರಮಕ್ಕೆ ಎಂ.ಐ.ಟಿ.ಯ ಜೇ ಫಾರೆಸ್ಟರರು 1956ರಲ್ಲಿ ಪೇಟೆಂಟು ಪಡೆದರು.

ಅದೇ ವರ್ಷ ವಾಂಗರು ತಮ್ಮ ಹಕ್ಕನ್ನು ಐ.ಬಿ.ಎಂ.ಗೆ ಸುಮಾರು 5 ಲಕ್ಷ ಡಾಲರಿಗೆ ಮಾರಿದರು. ಎಂ.ಐ.ಟಿ.ಯಾದರೋ ಪಟ್ಟು ಸಡಿಲಿಸಲಿಲ್ಲ. ವ್ಯಾಜ್ಯದ ಕೊನೆಗೆ, 1964ರಲ್ಲಿ, ಅದೇ ಐ.ಬಿ.ಎಂ. 1 ಕೋಟಿ 30 ಲಕ್ಷ ಡಾಲರು ತೆರಲೊಪ್ಪಿತು. ಈ ಅಂತರಕ್ಕೆ ಶೋಧನೆಗಳ ತಾರತಮ್ಯವೇ ಕಾರಣವೆಂಬುದು ನಮಗೆ ಒಪ್ಪಿತವಲ್ಲ. ಓದಿದೊಡನೆ ಅಳಿದೇ ಹೋಗುವ ಸ್ಮೃತಿಯೂ ಬೇಕಾದುದನ್ನು ಆರಿಸಲಾಗದ ಸ್ಮೃತಿಯೂ ಸಮಾನವಾಗಿ ನಿರರ್ಥಕ. ಆದರೆ 1956ರಲ್ಲಿ ಬರಿಯ ಭರವಸೆಯಂತಿದ್ದ ಈ ಸ್ಮೃತಿ 1964ರ ವೇಳೆಗೆ ದೊಡ್ಡ ಗಣಕಗಳ ಅನಿವಾರ್ಯ ಅಂಗವಾಗಿತ್ತು. ಮೇಲಾಗಿ ವ್ಯಾಜ್ಯವನ್ನು ಭರಿಸುವ ಶಕ್ತಿ ಮಹಾಸಂಸ್ಥೆಗಿತ್ತು; 1951ರಲ್ಲಿ 600 ಡಾಲರುಗಳ ಉಳಿತಾಯದಿಂದ ಉದ್ಯಮ ತೆರೆದ ವಾಂಗರಿಗೆ ಅದೆಲ್ಲಿಂದ ಬರಬೇಕು?

ಕಾಯುವುದಕ್ಕೂ ಮಿತಿಯುಂಟು. ಅಂದಿನ ಅಮೆರಿಕದ ಕಾನೂನಿನಂತೆ ಪೇಟೆಂಟಿನ ಆಯುಸ್ಸು 17 ವರ್ಷ. ವಾಂಗರ ಪೇಟೆಂಟು 1972ರವರೆಗೆ ಊರ್ಜಿತ. ಅದು ತೀರುವ ಮೊದಲೇ, 1970ರಲ್ಲಿ, ಇಂಟೆಲ್ ಸಂಸ್ಥೆಯ 1103 ಎಂಬ ಸಿಲಿಕಾನ್ ಬಿಲ್ಲೆ ಮಾರುಕಟ್ಟೆಗೆ ಬಂದು ಬಳೆಗಳ ಸ್ಥಾನವನ್ನು ಆಕ್ರಮಿಸತೊಡಗಿತು.