ಅಂಗಡಿಯ ಹೆಸರೂ ಊರಿನ ನುಡಿಯೂ

ವಿಜಯಪುರ ಸೀಮೆಯ ಮನೆತನದ ಹೆಸರುಗಳನ್ನು ಒಮ್ಮೆ ನೆನೆಯಬೇಕು. ಬಡಿಗೇರ, ಕಂಬಾರ, ಪತ್ತಾರ, ಕುಂಬಾರ, ಗಾಣಿಗೇರ, ಹೂಗಾರ, ಸಿಂಪಿ. ಇವು ಇಂದು ಶಾಲೆಯ ಹಾಜರಿ ಪುಸ್ತಕದ ಅಡ್ಡಹೆಸರುಗಳು; ಮೂಲದಲ್ಲಿ ಇವು ಅಂಗಡಿಯ ಫಲಕಗಳೇ ಆಗಿದ್ದುವು. ಕುಡುಗೋಲು ಮೊಂಡಾದ ರೈತನು ಪರವೂರಿಗೆ ಬಂದು ಕಂಬಾರರ ಮನೆ ಯಾವುದೆಂದು ಕೇಳಿದರೆ ಸಾಕಾಗಿತ್ತು. ಕಸುಬು, ವಿಳಾಸ, ಹೆಸರು ಮೂರೂ ಒಂದೇ ಮಾತಿನಲ್ಲಿ ದೊರೆಯುತ್ತಿದ್ದುವು. ಊರಿಗೆಲ್ಲ ತಿಳಿಸಬೇಕಾದ ಸುದ್ದಿಯಿದ್ದರೆ ಅಗಸಿಯ ಮುಂದೆ ಡಂಗುರ ಸಾರಿಸುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣರಲ್ಲಿಯೂ ಈ ರೀತಿಯೇ ಕಾಣುತ್ತದೆ. ದೇವರ ಹಿಪ್ಪರಗಿಯ ಮಾಚಯ್ಯ ಮಡಿವಾಳ ಮಾಚಯ್ಯ. ಚಂದಯ್ಯ ನುಲಿಯ ಚಂದಯ್ಯ. ಕೇತಯ್ಯ ಮೇದರ ಕೇತಯ್ಯ. ಕಾಯಕ ಮುಂದೆ, ಹೆಸರು ಹಿಂದೆ. ವಚನದ ಕೊನೆಗೆ ಅವರವರ ಅಂಕಿತ. ಎಂಟು ನೂರು ವರುಷಗಳ ಮೇಲೆ ಓಲೆಗರಿಯ ಕಟ್ಟನ್ನು ಬಿಚ್ಚಿದ ವಿದ್ವಾಂಸರು ಇದು ಇಂಥವರ ವಚನವೆಂದು ಹೇಳಲು ಸಾಧ್ಯವಾದುದು ಬಹುಮಟ್ಟಿಗೆ ಆ ಅಂಕಿತದ ಬಲದಿಂದಲೇ. ತನ್ನ ಸರಕಿನ ಮೇಲೆ ತನ್ನ ಹೆಸರನ್ನು ತಾನೇ ಇಡುವುದು ನಮ್ಮಲ್ಲಿ ಹೊಸ ವಿದ್ಯೆಯಲ್ಲ.

ಈಗ ಅಗಸಿಯೇ ಅಂಗೈಗೆ ಬಂದಿದೆ. 2016ರ ಏಪ್ರಿಲಿನಲ್ಲಿ ಯುಪಿಐ ಎಂಬ ಹಣಸಂದಾಯದ ಪದ್ಧತಿ ಮೊದಲಾಯಿತು. ಅದೇ ವರುಷ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾಗಿ ಅಂತರ್ಜಾಲದ ಬೆಲೆ ಒಮ್ಮೆಲೇ ಇಳಿಯಿತು. 2018ರ ಜನವರಿಯಲ್ಲಿ ವ್ಯಾಪಾರಿಗಳಿಗೆಂದೇ ಬೇರೊಂದು ವಾಟ್ಸಾಪ್ ಹೊರಟಿತು. ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿಯಂಥ ಹೋಬಳಿಯ ಊರಿನಲ್ಲಿಯೂ ಈಗ ಚಹದ ಅಂಗಡಿಯ ಗಲ್ಲೆಯ ಮೇಲೆ ಕ್ಯೂಆರ್ ಚೀಟಿ ಅಂಟಿದೆ. ಹಣವನ್ನು ಬರಮಾಡಿಕೊಳ್ಳುವ ವಿದ್ಯೆಯನ್ನು ನಮ್ಮ ಅಂಗಡಿಕಾರರು ಯಾರ ಹಂಗಿಲ್ಲದೆ ಕಲಿತರು. ಗಿರಾಕಿಯನ್ನು ಬರಮಾಡಿಕೊಳ್ಳುವ ವಿದ್ಯೆ ಮಾತ್ರ ಹಿಂದೆ ಉಳಿದಿದೆ. ಅದಕ್ಕೆ ಕಾರಣ ಯಂತ್ರವಲ್ಲ, ಭಾಷೆ ಎಂಬುದು ನನ್ನ ಅಭಿಪ್ರಾಯ. ಕನ್ನಡ ಪಾಠ ಹೇಳುವವನಿಗೆ ಎಲ್ಲೆಲ್ಲಿಯೂ ಭಾಷೆಯೇ ಕಾಣುತ್ತದೆಯೆಂದು ವಾಚಕರು ನಗಬಹುದು. ನಗಲಿ, ಆದರೆ ಮುಂದಿನ ನಾಲ್ಕು ಮಾತು ಕೇಳಿ ನಗಲಿ.

ಹತ್ತಿರದ ಅಂಗಡಿಗಳನ್ನು ತೋರಿಸುವಾಗ ತಾನು ಮೂರು ಸಂಗತಿಗಳನ್ನು ತೂಗಿ ನೋಡುವೆನೆಂದು ಗೂಗಲ್ ತಾನೇ ಹೇಳಿಕೊಂಡಿದೆ: ಕೇಳಿದ ಮಾತಿಗೂ ಅಂಗಡಿಯ ವಿವರಕ್ಕೂ ಇರುವ ಹೊಂದಿಕೆ, ದೂರ, ಪ್ರಸಿದ್ಧಿ. ಇವುಗಳಲ್ಲಿ ದೂರವು ನೆಲದ ಮಾತು. ಅಂಗಡಿಯನ್ನು ಹೊತ್ತು ಗಿರಾಕಿಯ ಬಳಿಗೆ ಒಯ್ಯಲಾಗದು. ಪ್ರಸಿದ್ಧಿಯು ಕಾಲದ ಮಾತು. ಅದು ಒಂದು ದಿನದಲ್ಲಿ ಬರುವುದಲ್ಲ. ಅಂಗಡಿಕಾರನು ಇಂದೇ ಕೂತು ಮಾಡಬಹುದಾದುದು ಮೊದಲನೆಯದೊಂದೇ, ಮತ್ತು ಅದು ಬರಿಯ ಬರವಣಿಗೆಯ ಕೆಲಸ. ತನ್ನ ಅಂಗಡಿಯ ಹೆಸರು, ಸ್ಥಳ, ಸಮಯ, ಸರಕು ಇವನ್ನು ಅಲ್ಲಿ ದಾಖಲಿಸುವುದಕ್ಕೆ ಕಾಸು ಕೊಡಬೇಕಾಗಿಲ್ಲ. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿನಿಂದ ಹುಟ್ಟಿದ ಈ ದಾಖಲೆ 2021ರಿಂದ ಬಿಸಿನೆಸ್ ಪ್ರೊಫೈಲ್ ಎನಿಸಿಕೊಂಡಿದೆ. ಹೆಸರು ಏನಾದರಿರಲಿ, ಅದರೊಳಗೆ ಬರೆಯುವವರು ಯಾರು, ಯಾವ ಮಾತಿನಲ್ಲಿ ಬರೆಯುತ್ತಾರೆ ಎಂಬುದೇ ಪ್ರಶ್ನೆ.

ಮೊದಲು ಊರಿನ ಹೆಸರನ್ನೇ ನೋಡೋಣ. ಹಿಪ್ಪರಗಿ ಒಂದಲ್ಲ. ಸಿಂದಗಿಯ ಕಡೆಗೆ ದೇವರ ಹಿಪ್ಪರಗಿಯುಂಟು. ಅದೀಗ ತಾನೇ ಒಂದು ತಾಲೂಕು. ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಹಿಪ್ಪರಗಿ ಬ್ಯಾರೇಜು ಬಾಗಲಕೋಟೆ ಜಿಲ್ಲೆಯಲ್ಲಿದೆ. ಸೊಲ್ಲಾಪುರದ ಬಳಿ ಹಿಪ್ಪರಗಾ ಎಂಬ ಕೆರೆಯಿದೆ. ಬರಿಯ ಹಿಪ್ಪರಗಿ ಎಂದು ಬರೆದ ಅಂಗಡಿಯನ್ನು ಹುಡುಕ ಹೊರಟ ಯಂತ್ರವು ಯಾವ ದಂಡೆಗೆ ಹೋಗಿ ನಿಂತೀತೆಂದು ಹೇಳಲಾಗದು. ಇನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಈ ಹೆಸರು ಪಡುವ ಪಾಡು ಬೇರೆ. ಹೂವಿನ್ ಎಂದು ಕೊನೆಯ ಅಕಾರವನ್ನು ನುಂಗುವವರಿದ್ದಾರೆ. ಹಿಪ್ಪರ್ಗಿ ಎಂದು ರಕಾರದ ಸ್ವರವನ್ನು ಕಳೆಯುವವರಿದ್ದಾರೆ. ಒಂದು ಪಕಾರವೇ ಸಾಕೆನ್ನುವ ಮಿತವ್ಯಯಿಗಳಿದ್ದಾರೆ. ಎರಡು ಪದಗಳನ್ನೂ ಕೂಡಿಸಿ ಒಂದೇ ಉಸಿರಿನಲ್ಲಿ ಬರೆಯುವವರೂ ಉಂಟು. ಕನ್ನಡ ಲಿಪಿಯಲ್ಲಿ ಬರೆದರೆ ಈ ತೊಡಕು ಬಹುಮಟ್ಟಿಗೆ ಇಲ್ಲ. ಈ ಊರಿನ ಹೆಸರಿನಲ್ಲಿ ಹಿಂದೆ ಒಂದು ವಿಧಾನಸಭಾ ಕ್ಷೇತ್ರವಿತ್ತು; ಗಡಿಗಳನ್ನು ಬದಲಿಸಿದಾಗ ಅದು ಹೋಗಿ, 2008ರ ಚುನಾವಣೆಯಿಂದ ದೇವರ ಹಿಪ್ಪರಗಿ ಕ್ಷೇತ್ರ ಬಂದಿತು. ಜಿಲ್ಲೆಯ ಹೆಸರೂ 2014ರ ನವೆಂಬರ್ 1ರಿಂದ ಬಿಜಾಪುರ ಹೋಗಿ ವಿಜಯಪುರವಾಯಿತು. ದೇವನಹಳ್ಳಿಯ ಹತ್ತಿರ ಇನ್ನೊಂದು ವಿಜಯಪುರವೂ ಇದೆ. ಸರಕಾರದ ಕಡತಗಳಲ್ಲಿ ಹೆಸರುಗಳು ಬದಲಾಗುವುದು ನಮ್ಮ ಕೈಯಲ್ಲಿಲ್ಲ. ಅಂಗಡಿಯ ದಾಖಲೆಯಲ್ಲಿ ಊರು, ತಾಲೂಕು, ಜಿಲ್ಲೆಗಳನ್ನು ಪೂರ್ತಿಯಾಗಿ, ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲಿ ಒಂದೇ ಕಾಗುಣಿತದಿಂದ ಒಮ್ಮೆ ಬರೆಯುವುದಂತೂ ಕೈಯಲ್ಲಿದೆ.

ಹೆಸರಿಗಿಂತಲೂ ಗಹನವಾದುದು ಸರಕಿನ ಮಾತು. ಪೇಟೆಯಿಂದ ಬಂದ ತರುಣನೊಬ್ಬನು ಅಂಗಡಿಯ ವಿವರವನ್ನು ತುಂಬಿಕೊಡುತ್ತಾನೆನ್ನಿ. ಅವನ ಲೇಖನಿಯಿಂದ ಗಿರಣಿಯು ಫ್ಲೋರ್ ಮಿಲ್ ಆಗಿ, ಖಾನಾವಳಿಯು ಫ್ಯಾಮಿಲಿ ರೆಸ್ಟೋರೆಂಟ್ ಆಗಿ, ಭಾಂಡೆ ಅಂಗಡಿಯು ಸ್ಟೀಲ್ ಎಂಪೋರಿಯಂ ಆಗಿ ಹೊರಡುತ್ತವೆ. ನೋಡುವುದಕ್ಕೆ ಘನವಾಗಿ ಕಾಣುತ್ತದೆ, ನಿಜ. ಆದರೆ ಜೋಳ ಬೀಸಿಸಬೇಕಾದ ಮನುಷ್ಯನು ತನ್ನ ಜನ್ಮದಲ್ಲಿ ಫ್ಲೋರ್ ಮಿಲ್ ಎಂಬ ಮಾತನ್ನು ಆಡಿರುವುದಿಲ್ಲ. ಅವನು ಗಿರಣಿ ಎನ್ನುತ್ತಾನೆ. ಗಿರಣಿ ಎಂದೇ ಹುಡುಕುತ್ತಾನೆ. 2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡದಲ್ಲಿ ಆಡಿದ ಮಾತನ್ನು ಕೇಳಿ ಅಕ್ಷರಕ್ಕಿಳಿಸುವ ಸೌಲಭ್ಯವನ್ನು ತಂದಿತು. ಅಂದಿನಿಂದ ಬರೆಯಲು ಬಾರದವನೂ ಫೋನಿಗೆ ಬಾಯಿಟ್ಟು ಕೇಳಬಲ್ಲವನಾದ. ಹೀಗೆ ಯಂತ್ರವೇ ಬಾಯಿಮಾತಿನ ಕಡೆಗೆ ಇಳಿದು ಬರುತ್ತಿರುವಾಗ ನಾವು ಬಾಯಿಮಾತನ್ನು ಬಿಟ್ಟು ಮೇಲೇರುತ್ತಿರುವುದು ವಿಚಿತ್ರವಲ್ಲವೆ?

ತಿಂಡಿತಿನಿಸಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಮೈಸೂರಿನ ಕಡೆಯವರು ಚಟ್ನಿಪುಡಿ ಎಂಬುದನ್ನು ನಮ್ಮವರು ಹಿಂಡಿ ಎನ್ನುತ್ತಾರೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ನೌಕರಿ ಹಿಡಿದು ಕೂತ ಇಂಡಿ, ಮುದ್ದೇಬಿಹಾಳದ ಹುಡುಗನು ನಾಲಿಗೆ ಬರಡಾದಾಗ ಹುಡುಕುವುದು ಪೀನಟ್ ಪೌಡರನ್ನಲ್ಲ, ಶೇಂಗಾ ಹಿಂಡಿಯನ್ನು. ಅಗಸಿ ಎಂಬ ಮಾತಿನಲ್ಲಿ ಮತ್ತೊಂದು ಸೊಗಸುಂಟು: ನಮ್ಮಲ್ಲಿ ಊರಿನ ಹೆಬ್ಬಾಗಿಲೂ ಅಗಸಿ, ಎಣ್ಣೆಕಾಳೂ ಅಗಸಿ. ಅಗಸಿಯ ಬಳಿಯ ಅಂಗಡಿಯಲ್ಲಿ ಅಗಸಿ ಹಿಂಡಿ ಎಂದರೆ ಊರಿನ ಕೂಸಿಗೂ ಅರ್ಥವಾದೀತು. ಯಂತ್ರಕ್ಕೆ ಅರ್ಥವಾಗಬೇಕಾದರೆ ಯಾರಾದರೂ ಒಂದು ಸಾಲು ಬಿಡಿಸಿ ಬರೆದಿರಬೇಕು.

ಪಕ್ಕದ ಕಲಬುರಗಿಯಲ್ಲಿ ನಡೆದುದು ಇಲ್ಲಿ ನೆನೆಯತಕ್ಕದ್ದು. ಅಲ್ಲಿನ ಹೆಣ್ಣುಮಕ್ಕಳು ಸಹಕಾರದಿಂದ ಜೋಳದ ರೊಟ್ಟಿ ಬಡಿದು ಕಲಬುರಗಿ ರೊಟ್ಟಿ ಎಂಬ ಹೆಸರಿನಿಂದಲೇ ಮಾರಾಟಕ್ಕಿಳಿದರು. 2025ರ ಜೂನ್ 29ರ ಮನ್ ಕೀ ಬಾತ್ ಭಾಷಣದಲ್ಲಿ ಪ್ರಧಾನಿಯವರು ಇದನ್ನು ಹೆಸರಿಸಿ, ದಿನಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ರೊಟ್ಟಿ ಸಿದ್ಧವಾಗುವುದನ್ನೂ, ಬೆಂಗಳೂರಿನಲ್ಲಿ ಮಾರಾಟದ ಕಟ್ಟೆ ತೆರೆದುದನ್ನೂ, ಅಂತರ್ಜಾಲದ ಮೂಲಕ ಬೇಡಿಕೆ ಬರುತ್ತಿರುವುದನ್ನೂ ಹೇಳಿದರು. ಅಲ್ಲಿ ಗೆದ್ದ ಮಾತು ಎರಡೇ: ಒಂದು ಊರಿನ ಹೆಸರು, ಇನ್ನೊಂದು ರೊಟ್ಟಿ. ಅದನ್ನು ಮಿಲೆಟ್ ಫ್ಲಾಟ್ ಬ್ರೆಡ್ ಎಂದು ಕರೆದಿದ್ದರೆ ನೆನಪಿನಲ್ಲಿಟ್ಟುಕೊಳ್ಳುವವರು ಯಾರು? ನಮ್ಮ ಜಿಲ್ಲೆಯಲ್ಲಿಯೇ ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಬೇರೆಡೆ ಬೆಳೆದ ಕಾಯಿಗೆ ಆ ಹೆಸರನ್ನು ಹಚ್ಚುವಂತಿಲ್ಲವೆಂಬುದು ಅದರ ತಾತ್ಪರ್ಯ. ಕಾನೂನು ಕಾಯ್ದುಕೊಟ್ಟ ಅಂಥ ಹೆಸರನ್ನು ಬಿಟ್ಟು ಫ್ರೆಶ್ ಲೆಮನ್ ಎಂದು ಜಾಹೀರಾತು ಬರೆಯುವವನು ಗಂಟನ್ನು ಮನೆಯಲ್ಲಿಟ್ಟು ಸಾಲಕ್ಕೆ ಹೊರಟವನಂತೆ.

ವಾಟ್ಸಾಪಿನ ಸಂಗತಿ ಇದಕ್ಕಿಂತ ಭಿನ್ನವಾದುದು. ಅದು ಹುಡುಕಿ ಬಂದವರಿಗಲ್ಲ, ಬಲ್ಲವರಿಗೆ. ಅದರ ಸಾಮಾನ್ಯ ಪ್ರಸಾರಪಟ್ಟಿಯಿಂದ ಕಳಿಸಿದ ಸಂದೇಶವು, ಕಳಿಸಿದವನ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡವರಿಗೆ ಮಾತ್ರ ತಲಪುತ್ತದೆ. ಈ ಕಟ್ಟಳೆಯನ್ನು ಅಡಚಣೆಯೆಂದು ಗೊಣಗುವವರು ಬಹಳ. ನನಗಾದರೋ ಇದರಲ್ಲಿ ಹಳೆಯ ವ್ಯಾಪಾರಧರ್ಮದ ನೆರಳು ಕಾಣುತ್ತದೆ. ಗಿರಾಕಿಯು ತನ್ನ ಮನೆಯ ಬಾಗಿಲನ್ನು ತಾನೇ ತೆರೆದಿಟ್ಟ ಹೊರತು ಒಳಗೆ ಕಾಲಿಡುವಂತಿಲ್ಲ. ತೆರೆದ ಬಾಗಿಲಿನೊಳಗೆ ನಾವು ಏನನ್ನು ಒಯ್ಯುತ್ತಿದ್ದೇವೆ? ಮುಂಜಾನೆ ಎದ್ದರೆ ಗುಲಾಬಿಯ ಚಿತ್ರದೊಡನೆ ಶುಭೋದಯ. ಹಬ್ಬಕ್ಕೆ ಹಬ್ಬದ ಶುಭಾಶಯ. ಅಮೋಘ ಕೊಡುಗೆ, ಇಂದೇ ತ್ವರೆಮಾಡಿ ಎಂಬ ಉದ್ಗಾರ. ನಾಲ್ಕನೆಯ ದಿನ ಗಿರಾಕಿಯು ಅದನ್ನು ತೆರೆಯದೆಯೇ ಅಳಿಸುತ್ತಾನೆ. ಹೊಸ ತೊಗರಿಬೇಳೆ ಬಂದಿದೆ, ಕಿಲೋಕ್ಕೆ ಇಷ್ಟು, ನಾಳೆ ಸಂಜೆಯವರೆಗೆ ಅಂಗಡಿ ತೆರೆದಿರುತ್ತದೆ: ಇಂಥ ಒಂದು ಸಾಲಿನಲ್ಲಿ ಸುದ್ದಿಯುಂಟು. ಸುದ್ದಿಯಿಲ್ಲದ ಡಂಗುರಕ್ಕೆ ಹಿಂದೆಯೂ ಯಾರೂ ಹೊರಗೆ ಬರುತ್ತಿರಲಿಲ್ಲ.

ಮಾರುವುದೆಂದರೆ ಮೂಗು ಮುರಿಯುವ ಸಾಹಿತ್ಯಪ್ರಿಯರು ನಮ್ಮಲ್ಲಿದ್ದಾರೆ. ಅವರಿಗೆ ಗಳಗನಾಥರನ್ನು ನೆನಪಿಸಬೇಕು. 'ಮಾಧವ ಕರುಣಾವಿಲಾಸ'ವನ್ನು ಬರೆದ ಆ ಹಿರಿಯರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಕನ್ನಡ ಓದುವ ಹವ್ಯಾಸ ಹುಟ್ಟಿದುದು ಆ ನಡಿಗೆಯಿಂದ. ವಿಜಯಪುರದಲ್ಲಿಯೇ ಇದ್ದ ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಹೊರತಂದರು. 1925ರಲ್ಲಿ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರುಷ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿದರು. ವಕೀಲಿ ವೃತ್ತಿಯ ಮನುಷ್ಯನಿಗೆ ಅಚ್ಚುಮೊಳೆಗಳ ಗೊಡವೆ ಏಕೆ ಬೇಕಾಗಿತ್ತು? ಅನ್ಯರ ಮುದ್ರಣಾಲಯವನ್ನು ನಂಬಿ ಕೂತರೆ ವಚನಗಳು ಜನರ ಕೈಗೆ ತಲಪುವುದು ಅನ್ಯರ ಇಚ್ಛೆಯಂತೆ ಆದೀತೆಂಬುದನ್ನು ಅವರು ಕಂಡುಕೊಂಡಿದ್ದರು.

ಈ ಮಾತಿಗೆ ಇಂದಿನ ಅಂಗಡಿಕಾರನು ಕಿವಿಗೊಡಬೇಕು. ಅಂತರ್ಜಾಲದ ಕಟ್ಟೆಯು ಅವನ ಸ್ವಂತದ್ದಲ್ಲ, ಬಾಡಿಗೆಯದೂ ಅಲ್ಲ, ಪರರ ಅಂಗಳ. ಅಲ್ಲಿ ಅವನ ಅಂಗಡಿಯ ಗುರುತನ್ನು ಅವನೇ ಇಡದಿದ್ದರೆ ದಾರಿಹೋಕನೊಬ್ಬನು ಇಡಬಹುದು. ಅಂಗಡಿ ಮುಚ್ಚಿದೆಯೆಂದೋ ಸಂಖ್ಯೆ ಬದಲಾಗಿದೆಯೆಂದೋ ತಿದ್ದುಪಡಿ ಸೂಚಿಸುವ ಅವಕಾಶ ಎಲ್ಲರಿಗೂ ಉಂಟು. ಪ್ರಸಿದ್ಧರ ಹೆಸರಿನ ಮುಂದೆ ತಮ್ಮ ಸಂಖ್ಯೆಯನ್ನು ಬರೆದು ಜನರನ್ನು ಸುಲಿಯುವ ವಂಚಕರ ವಿಷಯ ಪತ್ರಿಕೆಗಳನ್ನು ಓದುವವರಿಗೆ ಹೊಸದಲ್ಲ. ಫೋನಿನ ಮೂಲಕವೋ ಅಂಗಡಿಯ ಚಲಚ್ಚಿತ್ರದ ಮೂಲಕವೋ ಇದು ನನ್ನದೆಂದು ದೃಢಪಡಿಸಿದ ಮೇಲೆ ಮಾತ್ರ ಆ ದಾಖಲೆಯ ಮೇಲೆ ಒಡೆಯನ ಕೈ ನಿಲ್ಲುತ್ತದೆ. ಈ ಕೆಲಸವನ್ನು ಪೇಟೆಯ ಮಧ್ಯಸ್ಥನ ಮಿಂಚಂಚೆಯಿಂದ ಮಾಡಿಸುವುದು, ಹೊಲದ ಪಹಣಿಯನ್ನು ದಲ್ಲಾಳಿಯ ಹೆಸರಿನಲ್ಲಿ ಬರೆಸಿದಂತೆ. ಸಂಬಳ ತೆಗೆದುಕೊಂಡು ಬರೆದುಕೊಡಲಿ, ಬೇಡವೆನ್ನುವುದಿಲ್ಲ. ಕೀಲಿಕೈ ಒಡೆಯನ ಬಳಿ ಇರಲಿ. ದುಡ್ಡು ಕೊಟ್ಟು ಹತ್ತು ಜನರಿಂದ ಹೊಗಳಿಕೆ ಬರೆಸುವ ಉಪಾಯವನ್ನೂ ಅಂಥವರು ಹೇಳಿಕೊಡುತ್ತಾರೆ. ಸಾವಿರ ಮನೆಯ ಊರಿನಲ್ಲಿ ಹೊಗಳಿದವರು ಯಾರೆಂದು ಮರುದಿನವೇ ತಿಳಿಯುತ್ತದೆ. ಮಹಾನಗರದಲ್ಲಿ ಸುಳ್ಳಿಗೆ ಇರುವ ಮರೆ ಇಲ್ಲಿಲ್ಲ.

2024ರಲ್ಲಿ ತಿದ್ದುಪಡಿಯಾದ ರಾಜ್ಯದ ಕಾನೂನಿನಂತೆ ಅಂಗಡಿಯ ನಾಮಫಲಕದಲ್ಲಿ ನೂರಕ್ಕೆ 60ರಷ್ಟು ಕನ್ನಡವಿರಬೇಕು. ಬಾಗಿಲ ಮೇಲಿನ ಹಲಗೆಯನ್ನು ಅಧಿಕಾರಿಗಳು ಬಂದು ಅಳೆಯಬಹುದು. ಫೋನಿನೊಳಗಿನ ಫಲಕವನ್ನು ಅಳೆಯುವ ಕೋಲನ್ನು ಯಾರೂ ಹಿಡಿದಿಲ್ಲ. ಅಲ್ಲಿ ಕನ್ನಡ ಬರುವುದಾದರೆ ವ್ಯಾಪಾರದ ಲಾಭಕ್ಕಾಗಿಯೇ ಬರಬೇಕು, ಮತ್ತು ಲಾಭವುಂಟೆಂಬುದನ್ನು ಮೇಲೆ ಹೇಳಿದ್ದಾಯಿತು.

ಕನ್ನಡ ಎಂ.ಎ. ಮುಗಿಸಿದ ವಿದ್ಯಾರ್ಥಿಗಳು ಮುಂದೇನೆಂದು ನಮ್ಮನ್ನು ಕೇಳುವುದುಂಟು. ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳದ ಪೇಟೆಗಳಲ್ಲಿ ತನ್ನ ಸರಕನ್ನು ನಾಲ್ಕು ಸಾಲಿನಲ್ಲಿ ಸರಿಯಾಗಿ ಹೇಳಲಾರದ ಅಂಗಡಿಗಳಿವೆ. ಊರಿನ ಮಾತನ್ನೂ ಗ್ರಂಥದ ಮಾತನ್ನೂ ಎರಡನ್ನೂ ಬಲ್ಲ ಹುಡುಗರು ನಮ್ಮ ತರಗತಿಗಳಲ್ಲಿದ್ದಾರೆ. ಇವರಿಬ್ಬರೂ ಒಬ್ಬರನ್ನೊಬ್ಬರು ಇನ್ನೂ ಕಂಡಿಲ್ಲ. ಹೂವಿನ ಹಿಪ್ಪರಗಿಯಲ್ಲಿ ಮೊದಲು ಮಾಡಬೇಕಾದುದು ಸಣ್ಣ ಕೆಲಸ. ನಾಲ್ಕಾರು ಅಂಗಡಿಯವರು ಒಂದು ಸಂಜೆ ಕೂತು ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಎಲ್ಲರೂ ಯಾವ ಕಾಗುಣಿತದಿಂದ ಬರೆಯುವುದೆಂದು ಗೊತ್ತುಮಾಡಿಕೊಳ್ಳಲಿ. ಆಮೇಲೆ ಬಾಗಿಲು ತೆರೆಯುವ ಹೊತ್ತು, ಮುಚ್ಚುವ ಹೊತ್ತು, ವಾರದ ರಜೆ ಇವನ್ನು ಬರೆಯಬಹುದು. ಅಮಾವಾಸ್ಯೆಗೆ ಅಂಗಡಿ ಬಂದ್ ಇಡುವವರು ಅದನ್ನೂ ತಿಂಗಳು ತಿಂಗಳು ನೆನಪಿಟ್ಟು ಬರೆಯಬೇಕು. ಯಂತ್ರಕ್ಕೆ ವಾರಗಳು ಗೊತ್ತು, ಇಂಥ ಅಂಗಡಿಗೆ ಅಮಾವಾಸ್ಯೆಯ ಬಿಡುವೆಂಬುದು ಗೊತ್ತಿಲ್ಲ.