ದುಆದ ಜೊತೆಗೆ ದವಾಖಾನೆಯೂ ಬೇಕು

ಅಸ್ರ್ ನಮಾಝ್‌ನ ಬಳಿಕ ಮದ್ರಸಾದ ಹುಡುಗನೊಬ್ಬ ನನ್ನ ಬಳಿ ಬಂದ. "ಹಜ್ರತ್, ಅಮ್ಮಿಗೆ ದುಆ ಮಾಡಿರಿ. ಎದ್ದು ನಿಂತರೆ ತಲೆ ತಿರುಗುತ್ತದೆ" ಎಂದ. ತಾಯಿ ಎಂಟು ತಿಂಗಳ ಗರ್ಭಿಣಿ. ದವಾಖಾನೆಗೆ ತೋರಿಸಿದ್ದೀರಾ ಎಂದೆ. ಇಲ್ಲ, ತಾಯತ ಕಟ್ಟಿಸಿದ್ದರಂತೆ. ದುಆ ಮಾಡಿದೆ. ಜೊತೆಗೆ ಅವನ ತಂದೆಯನ್ನು ಕರೆಸಿ ಮರುದಿನವೇ ರಕ್ತ ಪರೀಕ್ಷೆ ಮಾಡಿಸಲು ಹೇಳಿದೆ. ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ರಾಯಚೂರಿಗೆ ಕರೆದೊಯ್ದು ರಕ್ತ ಕೊಡಿಸಬೇಕಾಯಿತು. ಅಲ್ಲಾಹನ ಕೃಪೆಯಿಂದ ತಾಯಿ, ಮಗು ಇಬ್ಬರೂ ಉಳಿದರು.

ಇದು ಒಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ.

ಮಾನ್ವಿ ತಾಲೂಕಿನ ಕುರ್ಡಿಯಂತಹ ಊರಿನವರಿಗೆ ದೊಡ್ಡಾಸ್ಪತ್ರೆಯೆಂದರೆ ರಾಯಚೂರೇ. ಆದರೆ ಸರಕಾರದ ವ್ಯವಸ್ಥೆ ಮೆಟ್ಟಿಲು ಮೆಟ್ಟಿಲಾಗಿದೆ. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ 30 ಹಾಸಿಗೆಗಳ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಸಮುದಾಯ ಕೇಂದ್ರದಲ್ಲಿ ಹೆರಿಗೆ ತಜ್ಞರು, ಮಕ್ಕಳ ತಜ್ಞರು ಇರಬೇಕೆಂಬುದು ನಿಯಮ. ಹುದ್ದೆ ಖಾಲಿ ಬೀಳುವುದೂ ಉಂಟು. ಆಗ ಕೇಳಿ ಪಡೆಯುವುದು ನಮ್ಮ ಹಕ್ಕು. ಹೋಗದೆ ಮನೆಯಲ್ಲಿ ಕೂತು ದೂರುವುದರಿಂದ ಏನೂ ಆಗದು.

ಗರ್ಭಿಣಿ ಎಂದು ತಿಳಿದ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ನಾಲ್ಕನೇ ತಿಂಗಳಿನಿಂದ ಕಬ್ಬಿಣಾಂಶದ ಮಾತ್ರೆಯನ್ನು ದಿನಕ್ಕೊಂದರಂತೆ ಕನಿಷ್ಠ 180 ದಿನ ನುಂಗಬೇಕು. ಮಲ ಕಪ್ಪಾದರೆ ಹೆದರಿ ಬಿಡಬಾರದು. ಮಾತ್ರೆಯ ಜೊತೆ ಚಹಾ ಬೇಡ, ಲಿಂಬೆ ಶರಬತ್ತು ಒಳ್ಳೆಯದು. ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಯ, ಬೇಳೆ, ಮಾಂಸ ಇರಲಿ. ಮನೆಯವರೆಲ್ಲ ಉಂಡು ಉಳಿದದ್ದು ಬಸುರಿಯ ಪಾಲಿಗೆ ಎಂಬ ರೂಢಿ ಹೋಗಲಿ. 2016ರಿಂದ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆಯಿದೆ. ತುರ್ತು ಬಂದರೆ 108ಕ್ಕೆ ಕರೆ ಮಾಡಿ.

ಪರ್ದಾದ ಕಾರಣ ಹೇಳಿ ಹಿಂಜರಿಯುವವರಿದ್ದಾರೆ. ಮಹಿಳಾ ವೈದ್ಯರು, ನರ್ಸ್ ಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ. ಅವರು ಸಿಗದಿದ್ದಾಗ ಜೀವ ಉಳಿಸಲು ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯುವುದನ್ನು ಶರೀಅತ್ ತಡೆಯುವುದಿಲ್ಲ. ಪ್ರವಾದಿ(ಸ)ರ ಕಾಲದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ ರುಫೈದಾ(ರ) ಎಂಬ ಮಹಿಳೆಯ ಡೇರೆ ಮಸೀದಿಯ ಆವರಣದಲ್ಲೇ ಇತ್ತು. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ)ರೇ ಆದೇಶಿಸಿದ್ದಾರೆ.

ಮುಂದಿನ 9ನೇ ತಾರೀಖು ನಮ್ಮ ಮನೆಯ, ನೆರೆಮನೆಯ ಗರ್ಭಿಣಿಯನ್ನು ಕರೆದೊಯ್ಯೋಣ. ದುಆ ಮಾಡುತ್ತಲೇ ಹೊರಡೋಣ.