ಹಿಮ ನೋಡದ ನಾವು ಹಿಮಕ್ಕೆ ಟೈರ್ ಆರಿಸಿದ ಕತೆ

ಈ ಸಲ ನಮ್ಮ ಲೇಖನ ಟೈರ್ ಬಗ್ಗೆ. ಇದಕ್ಕೆ ಕಾರಣ ಇಂಟರ್ನಲ್ಸ್ ಮುಗಿದ ದಿನ ಬಂದ ಒಂದು ವಾಟ್ಸಾಪ್ ಕಾಲ್.

ನಾವು ಮೂವರು ರೂಮ್‌ಮೇಟ್ಸ್, ಮೂವರೂ ಮೆಕ್ಯಾನಿಕಲ್. ನಮ್ಮಲ್ಲಿ ಒಬ್ಬನ ಅಕ್ಕ ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್‌ನಲ್ಲಿದ್ದಾರೆ. ದಿನಾ ಹೈವೇಯಲ್ಲೇ ಓಡಾಟ, ವರ್ಷಕ್ಕೆ ಸುಮಾರು 12,000 ಮೈಲಿ. ಕಳೆದ ಮಾರ್ಚ್‌ನಲ್ಲಿ ಹಿಮ ಬಿದ್ದಿದ್ದ ಒಂದು ಇಳಿಜಾರಿನಲ್ಲಿ ಸಿಗ್ನಲ್ ನೋಡಿ ಬ್ರೇಕ್ ಒತ್ತಿದ್ದಾರೆ, ಗಾಡಿ ನಿಂತಿಲ್ಲ. ಎಬಿಎಸ್ ಗರಗರ ಅಂತ ಸದ್ದು ಮಾಡ್ತಾನೇ ಇತ್ತಂತೆ, ಎಸ್‌ಯುವಿ ಮಾತ್ರ ಜಾರಿಕೊಂಡು ಹೋಗಿ ಜಂಕ್ಷನ್ ಮಧ್ಯದಲ್ಲಿ ನಿಂತಿತು. ಅಡ್ಡ ಯಾರೂ ಬರ್ತಿರಲಿಲ್ಲ, ಪುಣ್ಯಕ್ಕೆ ಏನೂ ಆಗಲಿಲ್ಲ. ಈ ವಿಷಯ ಅಕ್ಕ ಮನೆಯಲ್ಲಿ ಇನ್ನೂ ಹೇಳಿಲ್ಲ. ಈ ಡಿಸೆಂಬರ್‌ನಲ್ಲಿ ಅಪ್ಪ ಅಮ್ಮ ಅಲ್ಲಿಗೆ ಹೋಗ್ತಿದ್ದಾರೆ, ಅದೇ ಗಾಡಿಯಲ್ಲಿ ಬೆಟ್ಟ ನೋಡೋಕೆ ಹೋಗೋ ಪ್ಲಾನ್ ಇದೆ.

"ಮೂರು ಜನ ಮೆಕ್ಯಾನಿಕಲ್ ಓದ್ತಿದೀರಲ್ಲ, ಹೇಳ್ರೋ, ಇದರಲ್ಲಿ ಯಾವ ಟೈರ್ ತಗೊಳ್ಲಿ?" ಅಂತ ಅಕ್ಕ ಅಂಗಡಿಯವರು ಕೊಟ್ಟ ಮೂರು ಕೊಟೇಶನ್ ಕಳಿಸಿದರು. ಒಂದು 80,000 ಮೈಲಿ ವಾರಂಟಿ ಇರೋ ಆಲ್ ಸೀಸನ್. ಇನ್ನೊಂದು 60,000 ಮೈಲಿಯ ಆಲ್ ವೆದರ್. ಮೂರನೆಯದು ಬೇಸಿಗೆಗೆ ಒಂದು ಸೆಟ್, ಚಳಿಗಾಲಕ್ಕೆ ಬೇರೆ ಸೆಟ್.

ನಾವು ಹಿಮ ನೋಡಿರೋದು ಸಿನಿಮಾದಲ್ಲಿ ಮಾತ್ರ. ಆದ್ರೂ ಒಂದು ವಾರ ಕೂತು ಓದಿದ್ವಿ. ನಮ್ಮ ಸೀನಿಯರ್ಸ್ ಎಷ್ಟೋ ಜನ ಎಂಎಸ್ ಮಾಡೋಕೆ ಹೋಗಿ ಅಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ ತಗೊಳ್ತಾರೆ, ನಾಳೆ ನಿಮ್ಮಲ್ಲೂ ಯಾರಾದ್ರೂ ಹೋಗಬಹುದು. ಅದಕ್ಕೇ ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ರಸ್ತೆ

ಡೆನ್ವರ್ ಊರೇ ಸಮುದ್ರಮಟ್ಟದಿಂದ ಒಂದು ಮೈಲಿ, ಅಂದ್ರೆ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಐ-70 ಹೈವೇ ಹಿಡಿದರೆ ಐಸೆನ್‌ಹೋವರ್ ಸುರಂಗದ ಹತ್ತಿರ ರಸ್ತೆ 3,400 ಮೀಟರ್ ಮುಟ್ಟುತ್ತೆ. ನಮ್ಮ ಮುಳ್ಳಯ್ಯನಗಿರಿ ಇರೋದೇ 1,930 ಮೀಟರ್. ಊರಿನಲ್ಲಿ ಹಿಮ ಬಿದ್ದರೂ ಬಿಸಿಲಿಗೆ ಬೇಗ ಕರಗುತ್ತೆ, ವರ್ಷದ ಹೆಚ್ಚು ದಿನ ರಸ್ತೆ ಒಣಗಿಯೇ ಇರುತ್ತೆ. ಬೆಟ್ಟದ ಕಡೆ ಹಾಗಲ್ಲ. ಅಲ್ಲಿ ಮೊರಿಸನ್‌ನಿಂದ ಡೊಟ್ಸೆರೊವರೆಗಿನ ಐ-70 ಭಾಗಕ್ಕೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಒಂದು ಕಾನೂನೇ ಇದೆ. ಆಲ್ ವೀಲ್ ಡ್ರೈವ್ ಗಾಡಿಯಾದರೂ ಟೈರಿನ ಟ್ರೆಡ್ ಕನಿಷ್ಠ 3/16 ಇಂಚು ಆಳ ಇರಬೇಕು.

ಹಾಗಾಗಿ ಅಕ್ಕನ ಟೈರ್ ಎರಡು ಕೆಲಸ ಮಾಡಬೇಕು. ವರ್ಷದ ಹೆಚ್ಚು ದಿನ ಒಣ ಹೈವೇಯಲ್ಲಿ ಸವೆಯದೆ ಓಡಬೇಕು, ಉಳಿದ ಕೆಲವು ದಿನ ಹಿಮದಲ್ಲಿ ಹಿಡಿಯಬೇಕು. ಕಷ್ಟ ಏನಂದ್ರೆ ಈ ಎರಡು ಕೆಲಸಕ್ಕೆ ಬೇಕಾದ ರಬ್ಬರ್ ಒಂದೇ ಅಲ್ಲ.

ರಬ್ಬರ್ ಯಾಕೆ ಕೈ ಕೊಡುತ್ತೆ?

ಮೆಟೀರಿಯಲ್ ಸೈನ್ಸ್ ಕ್ಲಾಸಿನಲ್ಲಿ ಗ್ಲಾಸ್ ಟ್ರಾನ್ಸಿಷನ್ ಟೆಂಪರೇಚರ್ ಅಂತ ಓದಿರ್ತೀರಿ. ರಬ್ಬರ್ ತಣ್ಣಗಾಗ್ತಾ ಆ ತಾಪಮಾನದ ಕಡೆ ಹೋದ ಹಾಗೆ ಗಟ್ಟಿಯಾಗುತ್ತಾ ಹೋಗುತ್ತೆ. ಟೈರ್ ರಸ್ತೆಯನ್ನು ಹಿಡಿಯೋದು ಅದರ ಮೇಲ್ಮೈ ರಸ್ತೆಯ ಸಣ್ಣ ಸಣ್ಣ ಉಬ್ಬು ತಗ್ಗುಗಳಿಗೆ ತಕ್ಕ ಹಾಗೆ ಬಗ್ಗೋದರಿಂದ. ಗಟ್ಟಿಯಾದರೆ ಬಗ್ಗಲ್ಲ, ಹಿಡಿತವೂ ಇಲ್ಲ. ಸಾಮಾನ್ಯ ಟೈರಿಗೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗೆ ಈ ತೊಂದರೆ ಶುರು ಅಂತ ಕಂಪನಿಗಳು ಹೇಳ್ತವೆ. ಚಳಿಗಾಲದ ಟೈರಿನ ರಬ್ಬರ್ ಚಳಿಯಲ್ಲೂ ಮೆತ್ತಗಿರುತ್ತೆ, ಆದ್ರೆ ಬೇಸಿಗೆಯ ಬಿಸಿ ಡಾಂಬರಿನ ಮೇಲೆ ಅದೇ ಮೆದು ರಬ್ಬರ್ ಬೇಗ ಸವೆದು ಹೋಗುತ್ತೆ.

ಎರಡನೆಯದು ಟ್ರೆಡ್. ಹಿಮದಲ್ಲಿ ಟೈರಿನ ಕಾಲುವೆಗಳೊಳಗೆ ಹಿಮ ತುಂಬಿಕೊಳ್ಳಬೇಕು. ಹಿಮ ಹಿಮಕ್ಕೆ ಚೆನ್ನಾಗಿ ಅಂಟುತ್ತೆ, ಹಿಮದ ಉಂಡೆ ಕಟ್ಟೋಕೆ ಆಗೋದೂ ಅದರಿಂದಲೇ. ಟ್ರೆಡ್ ಬ್ಲಾಕ್‌ಗಳ ಮೇಲೆ ಬ್ಲೇಡಿನಲ್ಲಿ ಕೊಯ್ದ ಹಾಗೆ ಸಣ್ಣ ಸೀಳುಗಳಿರುತ್ತವೆ, ಅವಕ್ಕೆ ಸೈಪ್ ಅಂತ ಹೆಸರು. 1920ರ ದಶಕದಲ್ಲಿ ಇದಕ್ಕೆ ಪೇಟೆಂಟ್ ಪಡೆದ ಜಾನ್ ಸೈಪ್ ಅವರ ಹೆಸರೇ ಅದಕ್ಕೆ ನಿಂತಿದೆ. ಟೈರ್ ಉರುಳುವಾಗ ಈ ಸೀಳುಗಳು ತೆರೆದುಕೊಂಡು ನೂರಾರು ಅಂಚುಗಳಾಗಿ ಹಿಮವನ್ನು ಕಚ್ಚುತ್ತವೆ. ಟ್ರೆಡ್ ಸವೆದರೆ ಕಾಲುವೆಯೂ ಇಲ್ಲ, ಸೀಳೂ ಇಲ್ಲ.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ಲೆಕ್ಕ ಹಾಕಿದ್ವಿ. ನಿಲ್ಲೋಕೆ ಬೇಕಾದ ದೂರ ಅಂದ್ರೆ ವೇಗದ ವರ್ಗವನ್ನು ಎರಡು ಮ್ಯೂ ಜಿಯಿಂದ ಭಾಗಿಸಿದ್ದು. ವೇಗ ಸೆಕೆಂಡಿಗೆ 18 ಮೀಟರ್ ಇಟ್ಟುಕೊಳ್ಳಿ, ಗಂಟೆಗೆ ಸುಮಾರು 65 ಕಿಲೋಮೀಟರ್. ಒಣ ರಸ್ತೆಯಲ್ಲಿ ಮ್ಯೂ 0.8 ಅಂದುಕೊಂಡರೆ 21 ಮೀಟರಿನಲ್ಲಿ ಗಾಡಿ ನಿಲ್ಲುತ್ತೆ. ಗಟ್ಟಿಯಾಗಿ ತುಳಿದ ಹಿಮದ ಮೇಲೆ ಮ್ಯೂ 0.3 ಇದ್ದರೆ 55 ಮೀಟರ್, 0.2 ಇದ್ದರೆ 83 ಮೀಟರ್. ಮ್ಯೂ ಬರೀ 0.1 ಕಮ್ಮಿಯಾದರೆ 28 ಮೀಟರ್ ಹೆಚ್ಚು. ಎರಡು ಬಿಎಂಟಿಸಿ ಬಸ್ ಒಂದರ ಹಿಂದೆ ಒಂದು ನಿಲ್ಲಿಸಿದರೂ ಅಷ್ಟು ಉದ್ದ ಆಗಲ್ಲ. ಅಕ್ಕ ಜಂಕ್ಷನ್ ಮಧ್ಯದಲ್ಲಿ ಹೋಗಿ ನಿಂತಿದ್ದು ಯಾಕೆ ಅಂತ ಆಗ ನಮಗೆ ಅರ್ಥ ಆಯ್ತು.

"ನಂದು ಆಲ್ ವೀಲ್ ಡ್ರೈವ್ ಕಣ್ರೋ" ಅಂದ್ರು ಅಕ್ಕ. ಆಲ್ ವೀಲ್ ಡ್ರೈವ್ ಎಂಜಿನ್ನಿನ ಟಾರ್ಕನ್ನು ನಾಲ್ಕು ಚಕ್ರಕ್ಕೆ ಹಂಚುತ್ತೆ, ಹೊರಡೋಕೆ, ಹತ್ತೋಕೆ ಸಹಾಯ ಮಾಡುತ್ತೆ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತೆ. ನಿಲ್ಲೋ ವಿಷಯಕ್ಕೆ ಬಂದ್ರೆ ಮಾರುತಿ ಆಲ್ಟೊ ಆಗಲಿ ದೊಡ್ಡ ಎಸ್‌ಯುವಿ ಆಗಲಿ, ಕೊನೆಗೆ ಲೆಕ್ಕಕ್ಕೆ ಬರೋದು ಟೈರೇ.

ಟೈರಿನ ಪಕ್ಕದಲ್ಲಿ ಏನು ಬರೆದಿದೆ?

ಅಕ್ಕನಿಗೆ ಹಳೇ ಟೈರಿನ ಫೋಟೋ ಕಳಿಸೋಕೆ ಹೇಳಿದ್ವಿ. ಅದರ ಮೇಲೆ ಎಂ+ಎಸ್ ಅಂತ ಇತ್ತು, ಅಂದ್ರೆ ಮಡ್ ಆಂಡ್ ಸ್ನೋ. ಈ ಗುರುತು ಸಿಗೋದು ಟ್ರೆಡ್ಡಿನ ಆಕಾರ ನೋಡಿ, ಕಾಲುವೆಗಳಿಗೆ ಇಂತಿಷ್ಟು ಜಾಗ ಬಿಟ್ಟಿದ್ದರೆ ಸಾಕು. ಹಿಮದಲ್ಲಿ ಓಡಿಸಿ ಪರೀಕ್ಷೆ ಮಾಡಲೇಬೇಕು ಅಂತ ಇಲ್ಲ.

ನೋಡಬೇಕಾದ ಗುರುತು ಬೇರೆ. ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. ಇದು ಸಿಗಬೇಕಾದರೆ ತುಳಿದ ಹಿಮದ ಮೇಲೆ ಪರೀಕ್ಷೆ ಮಾಡಿ, ಒಂದು ನಿಗದಿತ ರೆಫರೆನ್ಸ್ ಟೈರಿಗಿಂತ ಇಂತಿಷ್ಟು ಹೆಚ್ಚು ಟ್ರಾಕ್ಷನ್ ತೋರಿಸಬೇಕು. ಆದ್ರೆ ಅಲ್ಲಿ ಅಳೆಯೋದು ಮುಂದಕ್ಕೆ ಎಳೆಯೋ ಶಕ್ತಿಯನ್ನು ಮಾತ್ರ. ಬ್ರೇಕ್, ತಿರುವು, ಮಂಜುಗಡ್ಡೆ ಇವುಗಳ ಬಗ್ಗೆ ಅದು ಏನೂ ಹೇಳಲ್ಲ. ಅದಕ್ಕೇ ಪೂರ್ತಿ ಚಳಿಗಾಲದ ಟೈರ್ ಇನ್ನೂ ಒಂದು ಕೈ ಮೇಲೆ.

ಇನ್ನು ಬಾಳಿಕೆ. ಅಮೆರಿಕದಲ್ಲಿ ಮಾರುವ ಕಾರ್ ಟೈರಿನ ಮೇಲೆ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇರುತ್ತೆ. ಟೆಕ್ಸಾಸ್‌ನ 400 ಮೈಲಿಯ ರಸ್ತೆಯಲ್ಲಿ ಸುತ್ತಿ ಸುತ್ತಿ 7,200 ಮೈಲಿ ಓಡಿಸಿ, 100 ಅಂಕದ ಒಂದು ಟೈರಿನ ಜೊತೆ ಸವೆತ ಹೋಲಿಸ್ತಾರೆ. ಕೊನೆಗೆ ಅಂಕ ಹಾಕೋದು ಕಂಪನಿಯವರೇ, ಹಾಗಾಗಿ ಒಂದು ಕಂಪನಿಯ 600ನ್ನು ಇನ್ನೊಂದು ಕಂಪನಿಯ 700ರ ಜೊತೆ ನೇರವಾಗಿ ಹೋಲಿಸೋದು ಸರಿಯಲ್ಲ. ಚಳಿಗಾಲದ ಟೈರಿಗೆ ಈ ಅಂಕವೇ ಬೇಕಿಲ್ಲ.

ವಾರಂಟಿಯಲ್ಲಿ ಅಡಗಿದ್ದ ಲೆಕ್ಕ

ನಮಗೆ ಆಶ್ಚರ್ಯ ಆಗಿದ್ದು ಇಲ್ಲೇ. ಅಲ್ಲಿ ಟ್ರೆಡ್ಡನ್ನು ಇಂಚಿನ 32ನೇ ಭಾಗದಲ್ಲಿ ಅಳೀತಾರೆ. ಹೊಸ ಟೈರ್ 10/32 ಇದ್ದರೆ, 2/32ಕ್ಕೆ ಬಂದಾಗ ಅದರ ಆಯಸ್ಸು ಮುಗೀತು. ವಾರಂಟಿಯ ಮೈಲಿ ಲೆಕ್ಕ ಇರೋದು ಅಲ್ಲಿವರೆಗೆ. ಆದ್ರೆ ಹಿಮಕ್ಕೆ 5/32 ಇಲ್ಲವೇ 6/32 ಆದ್ರೂ ಉಳಿದಿರಬೇಕು. ಕೊಲರಾಡೊ ಕಾನೂನಿನ 3/16 ಅಂದ್ರೂ 6/32ನೇ.

10ರಿಂದ 2ಕ್ಕೆ 8 ಭಾಗ. 10ರಿಂದ 6ಕ್ಕೆ 4 ಭಾಗ. ಸವೆತ ಒಂದೇ ಸಮ ಅಂದುಕೊಂಡರೆ 60,000 ಮೈಲಿಯ ಟೈರ್ ಹಿಮಕ್ಕೆ ಬಾಳೋದು ಸುಮಾರು 30,000 ಮೈಲಿ. ಅಕ್ಕನ ಓಡಾಟಕ್ಕೆ ಅದು ಎರಡೂವರೆ ವರ್ಷ. 80,000ದ ಟೈರಿಗೂ ಇದೇ ಅರ್ಧದ ಲೆಕ್ಕ, ಜೊತೆಗೆ ಅದರ ಮೇಲೆ ಮೂರು ಶಿಖರದ ಗುರುತೂ ಇರಲಿಲ್ಲ.

ಹಳೇ ಟೈರಿನ ಆಳ ನೋಡೋಕೆ ಅಕ್ಕನಿಗೆ ಒಂದು ಕ್ವಾರ್ಟರ್ ನಾಣ್ಯ ತಲೆಕೆಳಗಾಗಿ ಕಾಲುವೆಯೊಳಗೆ ಇಡೋಕೆ ಹೇಳಿದ್ವಿ. ವಾಷಿಂಗ್ಟನ್ ತಲೆಯ ತುದಿ ಟ್ರೆಡ್ ಅಂಚಿನ ಸಮಕ್ಕೆ ಬಂದರೆ 4/32. ಅಕ್ಕ ಇಟ್ಟು ನೋಡಿದರು, ತಲೆ ಪೂರ್ತಿ ಹೊರಗೆ ಕಾಣ್ತಿತ್ತು. ಸ್ವಲ್ಪ ಹೊತ್ತು ಫೋನಿನಲ್ಲಿ ಯಾರೂ ಮಾತಾಡಲಿಲ್ಲ.

ನಾವು ಕೊಟ್ಟ ಉತ್ತರ

ಪ್ರತಿ ವಾರ ಬೆಟ್ಟಕ್ಕೆ ಹೋಗೋರಾದರೆ ಎರಡು ಸೆಟ್ ಒಳ್ಳೆಯದು. ಒಂದು ಸೆಟ್ ಓಡುವಾಗ ಇನ್ನೊಂದು ಸವೆಯಲ್ಲ, ಹಾಗಾಗಿ ದುಡ್ಡು ಪೂರ್ತಿ ನಷ್ಟವೂ ಅಲ್ಲ. ಅಕ್ಕ ಇರೋದು ಅಪಾರ್ಟ್‌ಮೆಂಟಿನಲ್ಲಿ, ನಾಲ್ಕು ಟೈರ್ ಇಡೋಕೆ ಜಾಗ ಇಲ್ಲ, ಬೆಟ್ಟಕ್ಕೆ ಹೋಗೋದು ವರ್ಷದಲ್ಲಿ ನಾಲ್ಕೈದು ಸಲ. ಅದಕ್ಕೆ ಮೂರು ಶಿಖರದ ಗುರುತಿರೋ 60,000 ಮೈಲಿಯ ಆಲ್ ವೆದರ್ ಅಂತ ಹೇಳಿದ್ವಿ. ಜೊತೆಗೆ ಇಷ್ಟು:

ಅಕ್ಟೋಬರ್‌ನಲ್ಲೇ ಹಾಕಿಸಿ, ಆಗ ಟ್ರೆಡ್ ಹೊಸದಾಗಿರುವಾಗಲೇ ಚಳಿಗಾಲ ಸಿಗುತ್ತೆ. ನಾಲ್ಕೂ ಒಟ್ಟಿಗೆ, ಒಂದೇ ಮಾಡೆಲ್. ಸೈಜು ಮತ್ತು ಲೋಡ್ ಇಂಡೆಕ್ಸ್ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರೋದಕ್ಕಿಂತ ಕಮ್ಮಿ ಆಗಬಾರದು. 5,000ದಿಂದ 7,500 ಮೈಲಿಗೊಮ್ಮೆ ರೊಟೇಶನ್ ಮಾಡಿಸಿ ಬಿಲ್ ಇಟ್ಟುಕೊಳ್ಳಿ, ಬಿಲ್ ಇಲ್ಲದಿದ್ದರೆ ವಾರಂಟಿ ಕೇಳೋದು ಕಷ್ಟ. ಗ್ಯಾರೇಜಿನಲ್ಲಿ 20 ಡಿಗ್ರಿಯಲ್ಲಿ ತುಂಬಿಸಿದ 35 ಪಿಎಸ್‌ಐ ಗಾಳಿ ಮೈನಸ್ 10ರಲ್ಲಿ ಸುಮಾರು 5 ಪಿಎಸ್‌ಐ ಇಳಿದಿರುತ್ತೆ, ಇದು ನಮ್ಮ ಹಳೇ ಗ್ಯಾಸ್ ಲಾ. ಚಳಿ ಶುರುವಾದಾಗ ಗಾಳಿ ನೋಡಿಸಿ. ಮೂರನೇ ಚಳಿಗಾಲಕ್ಕೆ ಮುಂಚೆ ಮತ್ತೆ ಟ್ರೆಡ್ ಅಳೆಯಿರಿ. 6/32ಕ್ಕಿಂತ ಕೆಳಗಿದ್ದರೆ ಬೆಟ್ಟದ ಪ್ರವಾಸ ಬೇಡ, ಊರಿನ ಒಣ ರಸ್ತೆಗೆ ಅದೇ ಟೈರ್ ಇನ್ನೂ ಬಾಳುತ್ತೆ.

ಕೊನೆಯದಾಗಿ ವಯಸ್ಸು. ಡಿಒಟಿ ಅಂತ ಶುರುವಾಗೋ ಕೋಡಿನ ಕೊನೆಯ ನಾಲ್ಕು ಅಂಕಿ ನೋಡಿ, ಮೊದಲ ಎರಡು ವಾರ, ನಂತರದ ಎರಡು ವರ್ಷ. 3224 ಅಂದ್ರೆ 2024ರ 32ನೇ ವಾರ. ಓಡದಿದ್ದರೂ ರಬ್ಬರ್ ಗಟ್ಟಿಯಾಗುತ್ತೆ. ಆರು ವರ್ಷಕ್ಕೆ ಬದಲಾಯಿಸಿ ಅಂತ ಹಲವು ಕಾರ್ ಕಂಪನಿಗಳೇ ಹೇಳ್ತವೆ.

ಅಕ್ಕ ಟೈರ್ ಹಾಕಿಸಿ ಫೋಟೋ ಕಳಿಸಿದ್ದಾರೆ, ಬೆಟ್ಟದ ಗುರುತು ಚೆನ್ನಾಗಿ ಕಾಣ್ತಿದೆ. "ಮಾರ್ಚ್ ವಿಷಯ ಅಪ್ಪನಿಗೆ ನಾನೇ ಹೇಳ್ತೀನಿ, ನೀವು ಬಾಯಿ ಬಿಡಬೇಡಿ" ಅಂದಿದ್ದಾರೆ. ಅವರಪ್ಪ ಕನ್ನಡ ಸಂಘದ ಈ ಪತ್ರಿಕೆ ಓದಲ್ಲ ಅಂತ ನಂಬಿ ಬರೆದಿದ್ದೇವೆ.

ವಾರಾಂಕದ ಈ ವಿಷಯ ಗೊತ್ತಾದ ಮೇಲೆ ನಾವು ಸುಮ್ಮನೆ ಹಾಸ್ಟೆಲ್ ಪಾರ್ಕಿಂಗ್‌ಗೆ ಇಳಿದು ನಮ್ಮ ಸೆಕೆಂಡ್ ಹ್ಯಾಂಡ್ ಬೈಕಿನ ಹಿಂದಿನ ಟೈರ್ ನೋಡಿದ್ವಿ. 1417 ಅಂತ ಇತ್ತು. ಮೂವರೂ ಸರದಿ ಮೇಲೆ ಮಳೆಯಲ್ಲಿ ಓಡಿಸಿರೋ ಬೈಕ್ ಅದು. ಶನಿವಾರ ಟೈರ್ ಅಂಗಡಿಗೆ ಹೋಗ್ತಿದ್ದೀವಿ. ನಿಮ್ಮ ಗಾಡಿಯದ್ದೂ ಒಮ್ಮೆ ನೋಡಿಬಿಡಿ.